ಶಾಕಾಹಾರಿ ಗಾಂಧೀಜಿ

ಮಹಾತ್ಮಾ ಗಾಂಧಿಯವರ ಜೀವನ ಸರ್ವಶ್ರುತವಾದುದು. ಚಂಪಾರಣ್ಯ, ಖೇಡಾ, ದಂಡಿ, ನವಖಾಲಿ ಎಂಬ ಹೆಸರುಗಳನ್ನು ಪ್ರಾಥಮಿಕ ಶಾಲೆಯ ಬಾಲಕರೂ ಒಂದೇ ಉಸಿರಿನಲ್ಲಿ ಹೇಳಬಲ್ಲರು. ಆ ಮಹಾಪುರುಷರ ರಾಜಕಾರಣವನ್ನು ಕುರಿತು ಬರೆಯಲು ಬೇಕಾದ ಪಾಂಡಿತ್ಯ ನನ್ನಲ್ಲಿಲ್ಲ. ಆದರೆ ಅವರ ಬಾಳಿನಲ್ಲಿ ಬಾಲ್ಯದಿಂದ ಕಡೆಯವರೆಗೆ ಒಂದೇ ಎಳೆಯಾಗಿ ಹರಿದು ಬಂದ ಸಂಗತಿಯೊಂದಿದೆ. ಅದು ಅವರ ಊಟದ ತಟ್ಟೆಯ ಸಂಗತಿ. ಗಾಂಧೀಜಿ ಹುಟ್ಟಿನಿಂದ ಶಾಕಾಹಾರಿಗಳು. ಹರೆಯದಲ್ಲಿ ಕೆಲಕಾಲ ಗುಟ್ಟಾಗಿ ಮಾಂಸ ತಿಂದವರು. ಹೆತ್ತವರಿಗೆ ಸುಳ್ಳು ಹೇಳಲಾರದೆ ಅದನ್ನು ಬಿಟ್ಟವರು. ತಾಯಿಗೆ ಕೊಟ್ಟ ಭಾಷೆಗಾಗಿ ಪರದೇಶದಲ್ಲಿ ಹಸಿದವರು. ಇಷ್ಟೆಲ್ಲ ಆದ ಮೇಲೆ, ಒಂದು ದಿನ ಸ್ವಂತ ಬುದ್ಧಿಯಿಂದ ವಿಚಾರ ಮಾಡಿ, ಮನಸಾರೆ ಒಪ್ಪಿ ಶಾಕಾಹಾರಿಯಾದವರು. ಹುಟ್ಟಿನಿಂದ ಬಂದದ್ದನ್ನು ಅವರು ಹೀಗೆ ಎರಡನೆಯ ಸಲ ಸಂಪಾದಿಸಿಕೊಳ್ಳಬೇಕಾಯಿತು.

ಇದನ್ನು ಬರೆಯಲು ನನಗೆ ಸ್ವಂತದ ಕಾರಣವೂ ಉಂಟು. ನಮ್ಮದು ಒಕ್ಕಲುತನದ ಮನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಯುಗಾದಿಯ ಮರುದಿನ ಹೊಸತೊಡಕಿಗೆ ನಮ್ಮಲ್ಲಿ ಬಾಡೂಟವಾಗಬೇಕು, ಮಾರಿಹಬ್ಬಕ್ಕೆ ಆಗಬೇಕು, ಬೀಗರು ಬಂದರೆ ಆಗಬೇಕು. ಮಾಂಸವೆಂಬುದು ನಮಗೆ ನಿತ್ಯದ ಊಟವಲ್ಲ, ಹಬ್ಬದ ಊಟ, ನೆಂಟರ ಮರ್ಯಾದೆಯ ಊಟ. ಅಂಥ ಮನೆಯಲ್ಲಿ ಬೆಳೆದ ನಾನು ಎರಡನೆಯ ಬಿ.ಎ. ತರಗತಿಯಲ್ಲಿದ್ದಾಗ ಮಾಂಸವನ್ನು ಬಿಟ್ಟೆ. ಬಿಡುವುದು ಸುಲಭವಾಯಿತು, ಬಿಟ್ಟದ್ದು ಯಾತಕ್ಕೆ ಎಂದು ಹೇಳುವುದು ಸುಲಭವಾಗಲಿಲ್ಲ. ಆಗ ಗಾಂಧೀಜಿಯವರ ಈ ಕಥೆ ನನಗೆ ಬೇಕಾಗಿ ಬಂತು.

ಮೋಹನದಾಸರು ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಕಾಠಿಯಾವಾಡದ ಪೋರಬಂದರಿನಲ್ಲಿ. ತಂದೆ ಕರಮಚಂದರು ದಿವಾನರು. ತಾಯಿ ಪುತಲೀಬಾಯಿ ಮಹಾ ವ್ರತನಿಷ್ಠೆಯುಳ್ಳವರು. ಚಾತುರ್ಮಾಸ್ಯದಲ್ಲಿ ಸೂರ್ಯನ ಮುಖ ಕಂಡಲ್ಲದೆ ಆಕೆ ಊಟ ಮಾಡುತ್ತಿರಲಿಲ್ಲವಂತೆ. ಮಳೆಗಾಲದ ಮೋಡ ಸರಿಯುವುದನ್ನೇ ಮಕ್ಕಳು ಕಾದು ನಿಂತಿದ್ದು, ಬಿಸಿಲು ಕಂಡೊಡನೆ ಒಳಗೆ ಓಡಿ ಹೇಳುವರು. ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯ ಮರೆಯಾಗಿರುವನು. ದೇವರ ಇಚ್ಛೆ ಇಂದು ಹೀಗಿದೆಯೆಂದು ಆಕೆ ನಗುತ್ತಲೇ ಮನೆಗೆಲಸಕ್ಕೆ ಮರಳುವರು. ವೈಷ್ಣವರ ಮನೆ, ಸುತ್ತಲೂ ಜೈನಧರ್ಮದ ಪ್ರಭಾವ. ಮಾಂಸವೆಂದರೆ ಅಲ್ಲಿ ಕನಸಿನಲ್ಲಿಯೂ ಎಣಿಸದ ಮಾತು.

ರಾಜಕೋಟೆಯ ಪ್ರೌಢಶಾಲೆಯಲ್ಲಿ ಓದುವಾಗ ಅವರಿಗೆ ಒಬ್ಬ ಗೆಳೆಯ ಗಂಟುಬಿದ್ದ. ಅವನ ಹೆಸರು ಷೇಕ್ ಮೆಹತಾಬ್. ಒಳ್ಳೆಯ ಕಸುವುಳ್ಳ ಹುಡುಗ, ಓಟಗಾರ, ಜಿಗಿತಗಾರ. ಕತ್ತಲೆಗೂ ಹಾವಿಗೂ ಹೆದರದವನು. ಮೋಹನದಾಸರಾದರೋ ದೀಪವಿಲ್ಲದ ಕೋಣೆಯಲ್ಲಿ ಮಲಗಲಾರದಷ್ಟು ಪುಕ್ಕಲು. ಆಂಗ್ಲರು ನಮ್ಮನ್ನಾಳುವುದು ಮಾಂಸದ ಬಲದಿಂದ, ನಾವೂ ತಿಂದರೆ ಅವರನ್ನು ಓಡಿಸಬಹುದು ಎಂಬ ವಾದ ಆ ಕಾಲದ ಗುಜರಾತಿನ ವಿದ್ಯಾರ್ಥಿಗಳಲ್ಲಿ ಹಬ್ಬಿತ್ತು. ಮೋಹನದಾಸರಿಗೂ ಅದು ಸರಿಯೆನ್ನಿಸಿತು. ನಾಲಗೆಯ ಚಪಲಕ್ಕಿಂತ ದೇಶದ ಸುಧಾರಣೆಯೇ ಅವರ ಮನಸ್ಸಿನಲ್ಲಿದ್ದುದು. ಊರ ಹೊರಗೆ ನದಿಯ ದಡದಲ್ಲಿ ಏಕಾಂತವಾದ ಸ್ಥಳವನ್ನು ಹುಡುಕಿ, ಗೆಳೆಯ ತಂದ ಆಡಿನ ಮಾಂಸವನ್ನೂ ಅಂಗಡಿಯ ಬ್ರೆಡ್ಡನ್ನೂ ತಿಂದರು. ಮಾಂಸ ತೊಗಲಿನಂತೆ ಗಡುಸಾಗಿತ್ತು, ಗಂಟಲಲ್ಲಿ ಇಳಿಯಲಿಲ್ಲ. ಆ ರಾತ್ರಿ ಕಣ್ಣು ಮುಚ್ಚಿದಾಗಲೆಲ್ಲ ಹೊಟ್ಟೆಯೊಳಗೆ ಜೀವಂತ ಆಡು ಅರಚಿದಂತಾಗಿ ಅವರು ಬೆಚ್ಚಿ ಏಳುತ್ತಿದ್ದರು.

ಈ ಒಂದು ಪುಟವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಹೈಸ್ಕೂಲಿನ ರಜೆಗಳಲ್ಲೆಲ್ಲ ನಾನು ಮೇಕೆ ಮೇಯಿಸಿದವನು. ಕತ್ತಲಲ್ಲಿಯೂ ಕೂಗಿನಿಂದಲೇ ಇದು ಯಾವ ಮೇಕೆ, ಇದಕ್ಕೆ ಹಸಿವೋ ಮರಿಯ ಚಿಂತೆಯೋ ಎಂದು ಹೇಳಬಲ್ಲೆ. ಹಾಸ್ಟೆಲ್ಲಿನ ದೀಪದ ಕೆಳಗೆ ಆ ಪುಟವನ್ನು ಓದಿದಾಗ ನನಗೆ ಕೇಳಿಸಿದ ಕೂಗು ಪುಸ್ತಕದ್ದಾಗಿರಲಿಲ್ಲ, ನಮ್ಮ ಕೊಟ್ಟಿಗೆಯದಾಗಿತ್ತು. ಮರುದಿನದಿಂದ ನಾನು ತಿನ್ನಲಿಲ್ಲ. ನನ್ನ ಕಥೆ ಇಷ್ಟೇ. ಆದರೆ ಗಾಂಧೀಜಿಯವರ ಕಥೆ ಇಷ್ಟಕ್ಕೆ ಮುಗಿಯಲಿಲ್ಲವೆಂಬುದೇ ಅದರ ವಿಶೇಷ.

ಆ ದುಃಸ್ವಪ್ನದ ತರುವಾಯವೂ ಅವರು ಬಿಡಲಿಲ್ಲ. ಕರ್ತವ್ಯವೆಂದು ಮನಸ್ಸನ್ನು ಗಟ್ಟಿಮಾಡಿಕೊಂಡರು. ಗೆಳೆಯ ರುಚಿರುಚಿಯಾಗಿ ಅಡುಗೆ ಮಾಡಿಸತೊಡಗಿದ. ಸಂಸ್ಥಾನದ ಅತಿಥಿಗೃಹದಲ್ಲಿ ಮೇಜು ಕುರ್ಚಿಗಳ ಮೇಲೆ ಊಟವಾಯಿತು. ಮೆಲ್ಲಮೆಲ್ಲನೆ ಆಡಿನ ಮೇಲಿನ ಮರುಕವೂ ಮರೆಯಾಗಿ ರುಚಿ ಹತ್ತಿತು. ಒಂದು ವರ್ಷದ ಅವಧಿಯಲ್ಲಿ ಇಂಥ ಊಟ ಆರಕ್ಕೆ ಮೀರಲಿಲ್ಲ. ಆದರೆ ಅಂಥ ದಿನಗಳಲ್ಲಿ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ; ತಾಯಿ ಕಾರಣ ಕೇಳಿದರೆ ಅಜೀರ್ಣವೆಂದು ಸುಳ್ಳು ಹೇಳಬೇಕಾಗುತ್ತಿತ್ತು. ಈ ಸುಳ್ಳು ಅವರನ್ನು ಮುಳ್ಳಿನಂತೆ ಚುಚ್ಚಿತು. ಮಾಂಸ ತಿನ್ನುವುದು ಅಗತ್ಯವೇ ಇರಬಹುದು, ಆದರೆ ತಂದೆತಾಯಿಗಳಿಗೆ ವಂಚನೆ ಮಾಡುವುದು ಅದಕ್ಕಿಂತ ಕೆಟ್ಟದ್ದು. ಅವರು ಬದುಕಿರುವವರೆಗೆ ಬೇಡ, ಆಮೇಲೆ ಸ್ವತಂತ್ರನಾದಾಗ ಬಹಿರಂಗವಾಗಿಯೇ ತಿಂದರಾಯಿತು ಎಂದು ನಿಶ್ಚಯಿಸಿದರು. ಓದುಗರು ಇಲ್ಲಿ ಗಮನಿಸಬೇಕು. ಮೊದಲು ಅವರು ಮಾಂಸ ಬಿಟ್ಟಾಗ ಅದು ಅಹಿಂಸೆಗಾಗಿ ಅಲ್ಲ, ಸತ್ಯಕ್ಕಾಗಿ.

1885ರಲ್ಲಿ ಕರಮಚಂದರು ತೀರಿಕೊಂಡರು. ಮೂರು ವರ್ಷಗಳ ತರುವಾಯ ಬ್ಯಾರಿಸ್ಟರ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ಹೋಗುವ ಮಾತು ಬಂತು. ಅಲ್ಲಿಗೆ ಹೋದವರು ಮದ್ಯಮಾಂಸಗಳಿಲ್ಲದೆ ಬದುಕಲಾರರೆಂದು ಯಾರೋ ಹೇಳಿದ್ದನ್ನು ಕೇಳಿ ಪುತಲೀಬಾಯಿ ಕಂಗೆಟ್ಟರು. ಆಗ ಬೇಚರಜೀ ಸ್ವಾಮಿ ಎಂಬ ಜೈನ ಸಾಧು ಒಂದು ಉಪಾಯ ಹೇಳಿದರು. ಅವರ ಸಮ್ಮುಖದಲ್ಲಿ ಮೋಹನದಾಸರು ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಮೂರು ವ್ರತಗಳನ್ನು ತೊಟ್ಟರು; ತಾಯಿ ಹರಸಿದರು. ಮುಂಬಯಿಯಲ್ಲಿ ಮೋಢ ಬನಿಯಾ ಜಾತಿಯ ಪಂಚಾಯಿತಿ ಸಮುದ್ರಯಾನಕ್ಕಾಗಿ ಬಹಿಷ್ಕಾರ ಹಾಕಿತು. ಅದಕ್ಕೆ ಜಗ್ಗದೆ 1888ರ ಸೆಪ್ಟೆಂಬರ್ 4ರಂದು ಹಡಗು ಹತ್ತಿದರು. ಆಗ ಅವರಿಗೆ ಹತ್ತೊಂಬತ್ತು ಇನ್ನೂ ತುಂಬಿರಲಿಲ್ಲ. ಇಂದಿನ ನಮ್ಮ ಮೊದಲ ಬಿ.ಎ. ವಿದ್ಯಾರ್ಥಿಯ ವಯಸ್ಸು.

ಲಂಡನ್ನಿನ ಮೊದಲ ತಿಂಗಳುಗಳು ಹಸಿವಿನ ತಿಂಗಳುಗಳು. ಉಪ್ಪು ಖಾರವಿಲ್ಲದೆ ಬೇಯಿಸಿದ ತರಕಾರಿ ಬಾಯಿಗೆ ಹತ್ತದು; ಬ್ರೆಡ್ಡು ಎರಡು ಮೂರು ಹೋಳಿಗಿಂತ ಹೆಚ್ಚು ಕೇಳಲು ನಾಚಿಕೆ. ಇಳಿದುಕೊಂಡಿದ್ದ ಮನೆಯೊಡತಿಯ ಹೆಣ್ಣುಮಕ್ಕಳು ಇವರ ಮುಖ ನೋಡಿ ಒಂದೆರಡು ಹೋಳು ಹೆಚ್ಚಾಗಿ ಕೊಡುತ್ತಿದ್ದರಂತೆ. ಓದುಬರಹ ಬಾರದ ತಾಯಿಗೆ ಸನ್ನಿವೇಶ ತಿಳಿಯದೆ ಕೊಟ್ಟ ಮಾತಿಗೆ ಏನು ಬೆಲೆಯೆಂದು ಒಬ್ಬ ಸ್ನೇಹಿತರು ದಿನವೂ ವಾದ ಮಾಡಿದರು. ಬೆಂಥಮ್ಮನ ಉಪಯುಕ್ತತಾವಾದದ ಗ್ರಂಥವನ್ನು ತೆರೆದು ಓದಿ ಹೇಳಿದರು. ಆ ಕಠಿನವಾದ ತತ್ವ ಇವರ ತಲೆಗೆ ಹೋಗಲಿಲ್ಲ. ವಾದದಲ್ಲಿ ಗೆಲ್ಲಲಾರೆ, ಆದರೆ ವ್ರತ ಮುರಿಯಲಾರೆ ಎಂದು ಕೈಮುಗಿದರು. ಮನಸ್ಸಿನಲ್ಲಿ ಮಾತ್ರ ಇನ್ನೂ ಎಲ್ಲ ಭಾರತೀಯರೂ ಮಾಂಸಾಹಾರಿಗಳಾದರೆ ಒಳ್ಳೆಯದೆಂಬ ಭಾವನೆಯೇ ಇತ್ತು. ಬುದ್ಧಿ ಒಂದು ಕಡೆ, ಕೊಟ್ಟ ಮಾತು ಇನ್ನೊಂದು ಕಡೆ. ಅವರು ಮಾತಿನ ಕಡೆಗೆ ನಿಂತರು.

ಶಾಕಾಹಾರದ ಭೋಜನಾಲಯಗಳು ಲಂಡನ್ನಿನಲ್ಲಿ ಇವೆಯೆಂದು ಯಾರೋ ಹೇಳಿದರು. ದಿನವೂ ಹತ್ತು ಹನ್ನೆರಡು ಮೈಲಿ ಅಲೆದು, ಅಗ್ಗದ ಹೋಟೆಲುಗಳಲ್ಲಿ ಬರಿಯ ಬ್ರೆಡ್ಡನ್ನು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಾಗ, ಒಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಅಂಥದೊಂದು ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟ ಪುಸ್ತಕಗಳಿದ್ದವು. ಹೆನ್ರಿ ಸಾಲ್ಟ್ ಎಂಬವರು ಶಾಕಾಹಾರದ ಪರವಾಗಿ 1886ರಲ್ಲಿ ಪ್ರಕಟಿಸಿದ್ದ ಪುಸ್ತಕವನ್ನು ಒಂದು ಷಿಲಿಂಗು ಕೊಟ್ಟು ಕೊಂಡು ಒಳಗೆ ಹೋದರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬಿದ ಮೊದಲನೆಯ ಊಟ ಅದು. ಪುಸ್ತಕವನ್ನು ಮೊದಲಿಂದ ಕಡೆಯವರೆಗೆ ಓದಿದರು. ಸಾಲ್ಟರು ಈಟನ್ ಶಾಲೆಯ ಉಪಾಧ್ಯಾಯ ಪದವಿಯನ್ನು ಬಿಟ್ಟು ಸರಳ ಜೀವನವನ್ನು ಹಿಡಿದವರು; ಪ್ರಾಣಿಗಳಿಗೂ ಹಕ್ಕುಗಳುಂಟೆಂದು ವಾದಿಸಿದವರು. ತಾಯಿಯ ಭಾಷೆಗಾಗಿ ಶಾಕಾಹಾರಿಯಾಗಿದ್ದ ಯುವಕ ಅಂದಿನಿಂದ ವಿಚಾರದಿಂದ ಶಾಕಾಹಾರಿಯಾದ. ಮನೆಯ ಆಚಾರಕ್ಕೆ ಬೇಕಾದ ವಿವೇಚನೆ ಅವರಿಗೆ ದೊರೆತದ್ದು ಹುಟ್ಟಿದೂರಿನಲ್ಲಲ್ಲ, ಗೋಮಾಂಸ ತಿನ್ನುವ ನಾಡಿನ ಒಬ್ಬ ವಿಚಾರವಂತನ ಪುಸ್ತಕದಲ್ಲಿ.

ಅಂದಿನಿಂದ ಅವರ ಪ್ರಯೋಗಗಳು ಮೊದಲಾದವು. ಒಂದು ಕೋಣೆ ಹಿಡಿದು ಸ್ವತಃ ಅಡುಗೆ ಮಾಡಿಕೊಂಡರು; ಬೆಳಗ್ಗೆ ಓಟಿನ ಗಂಜಿ, ಕೋಕೋ; ದಿನದ ಊಟದ ಖರ್ಚು 1 ಷಿಲಿಂಗು 3 ಪೆನ್ನಿಗಳಿಗೆ ಇಳಿಯಿತು. ಊರಿನಿಂದ ತರಿಸಿಕೊಳ್ಳುತ್ತಿದ್ದ ಮಸಾಲೆ, ಸಿಹಿತಿಂಡಿಗಳನ್ನು ನಿಲ್ಲಿಸಿದರು. ಮಸಾಲೆ ಹೋದ ಮೇಲೆ, ಮೊದಲು ಸಪ್ಪೆಯೆನ್ನಿಸಿದ್ದ ಬೆಂದ ಸೊಪ್ಪು ರುಚಿಯಾಯಿತು. ರುಚಿ ಇರುವುದು ನಾಲಗೆಯಲ್ಲಲ್ಲ, ಮನಸ್ಸಿನಲ್ಲಿ ಎಂಬುದು ಅವರಿಗೆ ತಿಳಿದದ್ದು ಆಗ.

ಮೊಟ್ಟೆಯ ಪ್ರಶ್ನೆಯೂ ಬಂತು. ಮೊಟ್ಟೆ ಮಾಂಸವಲ್ಲ, ಅದರಿಂದ ಯಾವ ಜೀವಿಗೂ ಹಿಂಸೆಯಿಲ್ಲ ಎನ್ನುವವರ ಮಾತಿಗೆ ಒಲಿದು ಕೆಲವು ದಿನ ತಿಂದರು. ಆಮೇಲೆ ಯೋಚಿಸಿದರು. ಇಂಗ್ಲೆಂಡಿನಲ್ಲಿ ಮಾಂಸವೆಂಬುದಕ್ಕೆ ಮೂರು ಬಗೆಯ ಅರ್ಥ ಹೇಳುವವರಿದ್ದರು. ಹಕ್ಕಿ ಮತ್ತು ಮೃಗಗಳ ಮಾಂಸವಷ್ಟೇ ಮಾಂಸ, ಮೀನು ಮೊಟ್ಟೆ ಅಲ್ಲವೆನ್ನುವವರು ಕೆಲವರು. ಮೀನೂ ಮಾಂಸವೇ, ಮೊಟ್ಟೆ ಮಾತ್ರ ಅಲ್ಲವೆನ್ನುವವರು ಕೆಲವರು. ಮೊಟ್ಟೆ, ಹಾಲುಗಳೂ ಸೇರಿದವೆನ್ನುವವರು ಮತ್ತೆ ಕೆಲವರು. ತನಗೆ ಅನುಕೂಲವಾದ ಅರ್ಥವನ್ನು ಆರಿಸಿಕೊಳ್ಳಲು ಅಡ್ಡಿಯೇನಿರಲಿಲ್ಲ. ಆದರೆ ಭಾಷೆ ತೆಗೆದುಕೊಂಡವಳು ತಾಯಿ. ಆಕೆಯ ಮನಸ್ಸಿನಲ್ಲಿ ಯಾವ ಅರ್ಥವಿತ್ತೋ ಅದೇ ತನ್ನನ್ನು ಕಟ್ಟುತ್ತದೆಯೆಂದು ತೀರ್ಮಾನಿಸಿ ಮೊಟ್ಟೆಯನ್ನು ಬಿಟ್ಟರು. ಮೊಟ್ಟೆ ಬೆರೆತಿರುವ ಪಾಯಸ, ಕೇಕುಗಳೂ ಅದರೊಡನೆ ಹೋದವು. ಕಾಯಿದೆ ಓದುತ್ತಿದ್ದ ವಿದ್ಯಾರ್ಥಿ ಕಾಯಿದೆಯ ಸಂದಿಯಲ್ಲಿ ನುಸುಳಲು ಒಪ್ಪಲಿಲ್ಲ.

ಹಾಲ್‌ಬರ್ನ್ ಎಂಬ ದೊಡ್ಡ ಭೋಜನಶಾಲೆಯ ಪ್ರಸಂಗವನ್ನು ಹೇಳದಿರಲಾರೆ. ಒಬ್ಬ ಸ್ನೇಹಿತರು ನಾಟಕಕ್ಕೆ ಮುಂಚೆ ಅಲ್ಲಿ ಊಟಕ್ಕೆ ಕರೆದೊಯ್ದರು. ಮೊದಲು ಸೂಪು ಬಂತು. ಅದರಲ್ಲಿ ಏನಿದೆಯೋ ತಿಳಿಯದೆ ಗಾಂಧೀಜಿ ಬಡಿಸುವವನನ್ನು ಹತ್ತಿರ ಕರೆದರು. ಸ್ನೇಹಿತರಿಗೆ ಅವಮಾನವಾಯಿತು, ಸಭ್ಯರ ನಡುವೆ ಹೀಗೆ ನಡೆದುಕೊಳ್ಳುವುದಾದರೆ ಹೊರಗೆ ಹೋಗಿ ಬೇರೆಲ್ಲಾದರೂ ಉಂಡು ಕಾದಿರುವಂತೆ ಹೇಳಿದರು. ಇವರು ಸಂತೋಷದಿಂದಲೇ ಎದ್ದು ಬಂದರು. ಹತ್ತಿರದ ಶಾಕಾಹಾರದ ಭೋಜನಾಲಯ ಮುಚ್ಚಿತ್ತು. ಹಸಿದ ಹೊಟ್ಟೆಯಲ್ಲಿಯೇ ನಾಟಕ ನೋಡಿದರು. 1891ರ ಜೂನಿನಲ್ಲಿ ಭಾರತಕ್ಕೆ ಹೊರಡುವ ಮುನ್ನ ಗೆಳೆಯರಿಗೆ ಬೀಳ್ಕೊಡುಗೆಯ ಔತಣ ಕೊಟ್ಟದ್ದು ಅದೇ ಹಾಲ್‌ಬರ್ನಿನಲ್ಲಿ. ಅಲ್ಲಿಯ ವ್ಯವಸ್ಥಾಪಕನನ್ನು ಒಪ್ಪಿಸಿ ಶುದ್ಧ ಶಾಕಾಹಾರದ ಅಡುಗೆಯನ್ನೇ ಮಾಡಿಸಿದ್ದರು. ಭಾಷಣಕ್ಕೆಂದು ಎದ್ದು ನಿಂತವರಿಗೆ ಮೊದಲ ವಾಕ್ಯದಾಚೆ ಮಾತು ಹೊರಡಲಿಲ್ಲ. ಬಂದವರಿಗೆ ವಂದನೆ ಹೇಳಿ ಕುಳಿತರು.

ಈ ನಡುವೆ ಅವರು ಲಂಡನ್ನಿನ ಶಾಕಾಹಾರಿ ಸಂಘವನ್ನು ಸೇರಿ ಅದರ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ಬೇಸ್‌ವಾಟರ್ ಬಡಾವಣೆಯಲ್ಲಿ ಒಂದು ಚಿಕ್ಕ ಸಂಘವನ್ನು ಸ್ಥಾಪಿಸಿ ತಾವೇ ಕಾರ್ಯದರ್ಶಿಯಾದರು. ಡಾಕ್ಟರ್ ಓಲ್ಡ್‌ಫೀಲ್ಡ್ ಅಧ್ಯಕ್ಷರು, ಬುದ್ಧನ ಚರಿತ್ರೆಯನ್ನು ಕಾವ್ಯವಾಗಿ ಬರೆದ ಸರ್ ಎಡ್ವಿನ್ ಆರ್ನಾಲ್ಡ್ ಉಪಾಧ್ಯಕ್ಷರು. ಸಾರ್ವಜನಿಕ ಸಂಸ್ಥೆಯೊಂದನ್ನು ನಡೆಸುವ ಪಾಠವನ್ನು ರಾಷ್ಟ್ರಪಿತರು ಕಲಿತದ್ದು ಕಾಂಗ್ರೆಸ್ಸಿನಲ್ಲಲ್ಲ, ಊಟದ ಸಂಘದಲ್ಲಿ. ಅವರ ಬರಹ ಮೊದಲು ಅಚ್ಚಾದದ್ದೂ ಆ ಸಂಘದ ಪತ್ರಿಕೆಯಲ್ಲಿಯೇ. 1891ರ ಫೆಬ್ರುವರಿ, ಮಾರ್ಚಿಗಳಲ್ಲಿ ಭಾರತದ ಶಾಕಾಹಾರಿಗಳನ್ನು ಕುರಿತು ಆರು ಲೇಖನಗಳನ್ನು ಬರೆದರು. ಭಾರತೀಯರೆಲ್ಲರೂ ಶಾಕಾಹಾರಿಗಳಲ್ಲವೆಂಬುದನ್ನು ಅದರಲ್ಲಿ ಮೊದಲೇ ತಿಳಿಸಿದರು. ಬರಿಯ ರೊಟ್ಟಿ ಮತ್ತು ಉಪ್ಪಿನ ಮೇಲೆ ಬದುಕುವ ಬಡವರನ್ನು ನೆನೆದು, ಆ ಉಪ್ಪಿನ ಮೇಲೂ ಭಾರಿ ತೆರಿಗೆಯಿದೆಯೆಂದು ಬರೆದರು. ದಂಡಿಯಲ್ಲಿ ಉಪ್ಪು ಹೆಕ್ಕಿದ್ದು 1930ರಲ್ಲಿ. ಉಪ್ಪಿನ ತೆರಿಗೆ ಅವರ ಲೇಖನಿಗೆ ಬಂದದ್ದು ಅದಕ್ಕೆ 39 ವರ್ಷ ಮೊದಲು, ಊಟದ ವಿಚಾರ ಬರೆಯುವಾಗ.

ಸಮಿತಿಯಲ್ಲಿ ಒಂದು ವಿವಾದ ಎದ್ದಿತು. ಸದಸ್ಯರಾಗಿದ್ದ ಡಾಕ್ಟರ್ ಆಲಿನ್ಸನ್ ಸಂತಾನ ನಿಯಂತ್ರಣವನ್ನು ಪ್ರಚಾರ ಮಾಡುತ್ತಿದ್ದರು. ಸಂಘದ ಅಧ್ಯಕ್ಷರಾದ ಹಿಲ್ಸ್ ಎಂಬುವರು ಥೇಮ್ಸ್ ಹಡಗು ಕಾರ್ಖಾನೆಯ ಒಡೆಯರು. ಸಂಘ ನಡೆಯುತ್ತಿದ್ದುದು ಬಹುಪಾಲು ಅವರ ಹಣದಿಂದ. ಆಲಿನ್ಸನ್ನರನ್ನು ಹೊರಹಾಕಬೇಕೆಂದು ಅವರು ಹಟ ಹಿಡಿದರು. ಆಲಿನ್ಸನ್ನರ ಅಭಿಪ್ರಾಯ ಗಾಂಧೀಜಿಗೂ ಒಪ್ಪಿಗೆಯಿರಲಿಲ್ಲ. ಆದರೂ ಸಂಘದ ಉದ್ದೇಶ ಶಾಕಾಹಾರ. ಆ ಒಂದನ್ನು ಒಪ್ಪಿದವನನ್ನು ಬೇರೆ ವಿಷಯದ ಅಭಿಪ್ರಾಯಕ್ಕಾಗಿ ಹೊರಹಾಕುವುದು ನ್ಯಾಯವಲ್ಲವೆಂದು ಅವರಿಗೆ ತೋರಿತು. ಬರೆದು ತಂದ ಭಾಷಣವನ್ನು ಓದಲು ಧೈರ್ಯ ಬರದೆ ಬೇರೊಬ್ಬರಿಂದ ಓದಿಸಿದರು. ಆಲಿನ್ಸನ್ನರು ಸೋತರು. ಸೋಲುವ ಪಕ್ಷ ನ್ಯಾಯದ್ದಾದರೆ ಅದರ ಜೊತೆ ನಿಲ್ಲುವುದು ಅವರಿಗೆ ಅಲ್ಲಿಂದಲೇ ಅಭ್ಯಾಸವಾಯಿತು.

ಬ್ಯಾರಿಸ್ಟರಾಗಿ ಮುಂಬಯಿಗೆ ಬಂದಿಳಿದಾಗ, ಯಾರಿಗಾಗಿ ವ್ರತವನ್ನು ಕಾಪಾಡಿಕೊಂಡು ಬಂದಿದ್ದರೋ ಆ ತಾಯಿ ಇರಲಿಲ್ಲ. ಪರದೇಶದಲ್ಲಿ ಆಘಾತವಾಗಬಾರದೆಂದು ಅಣ್ಣ ಸುದ್ದಿಯನ್ನು ಮುಚ್ಚಿಟ್ಟಿದ್ದರು. ಭಾಷೆ ತೆಗೆದುಕೊಂಡವರು ಹೋದರು, ಭಾಷೆ ಉಳಿಯಿತು.

ತಮ್ಮ ಮೇಲೆ ವ್ರತ ಹೊರಿಸಿಕೊಳ್ಳುವುದು ಸುಲಭ. ಪ್ರೀತಿಪಾತ್ರರ ಪ್ರಾಣ ತಕ್ಕಡಿಯಲ್ಲಿದ್ದಾಗ ಅದನ್ನು ಪಾಲಿಸುವುದು ಕಠಿನ. 1902ರಲ್ಲಿ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಜ್ವರ, ಜೊತೆಗೆ ನ್ಯುಮೋನಿಯಾ. ಪಾರ್ಸಿ ವೈದ್ಯರು ಮೊಟ್ಟೆ, ಕೋಳಿಯ ಸಾರು ಕೊಡಬೇಕೆಂದರು. ಗಾಂಧೀಜಿ ಒಪ್ಪದೆ ನೀರಿನ ಚಿಕಿತ್ಸೆ ಮಾಡಿದರು. ಜ್ವರ 104 ಡಿಗ್ರಿ ಏರಿದ ರಾತ್ರಿ, ಮಗನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಭಯ ತಾಳಲಾರದೆ ಬೀದಿಗೆ ಬಂದು ರಾಮನಾಮ ಜಪಿಸುತ್ತ ಅಲೆದರು. ಹುಡುಗ ಉಳಿದ. ದಕ್ಷಿಣ ಆಫ್ರಿಕದಲ್ಲಿ ಕಸ್ತೂರಬಾ ಅವರಿಗೆ ಶಸ್ತ್ರಚಿಕಿತ್ಸೆಯಾಗಿ ಬಹಳ ನಿಶ್ಶಕ್ತರಾಗಿದ್ದಾಗ ಡರ್ಬನ್ನಿನ ವೈದ್ಯರು ಗೋಮಾಂಸದ ಸಾರು ಕೊಡಲೇಬೇಕೆಂದರು. ಈ ಸಲ ಗಾಂಧೀಜಿ ತಾವೇ ತೀರ್ಮಾನಿಸಲಿಲ್ಲ, ಪತ್ನಿಯನ್ನು ಕೇಳಿದರು. ಆಕೆ ಸತ್ತರೂ ಮುಟ್ಟುವುದಿಲ್ಲವೆಂದರು. ವೈದ್ಯರು ಹಾಗಾದರೆ ಇಲ್ಲಿರಬೇಡಿ ಎಂದುಬಿಟ್ಟರು. ಜಿನುಗುವ ಮಳೆಯಲ್ಲಿ ಆಕೆಯನ್ನು ಫೀನಿಕ್ಸ್ ಆಶ್ರಮಕ್ಕೆ ಸಾಗಿಸಿದರು. ಅಲ್ಲಿ ಆಕೆ ಚೇತರಿಸಿಕೊಂಡರು. ವೈದ್ಯಶಾಸ್ತ್ರ ಬಲ್ಲವರು ಈ ಎರಡು ಪ್ರಸಂಗಗಳನ್ನು ಮೆಚ್ಚಲಾರರು. ಮಗುವಿನ ವಿಷಯದಲ್ಲಿ ನನ್ನ ಮನಸ್ಸೂ ಪೂರ್ತಿ ಒಪ್ಪುವುದಿಲ್ಲ; ಹತ್ತು ವರ್ಷದ ಬಾಲಕನಿಗೆ ವ್ರತವೆಲ್ಲಿಯದು? ಆದರೆ ಕಸ್ತೂರಬಾ ಅವರ ನಿಶ್ಚಯ ಅವರದೇ ಆಗಿತ್ತು.

ಇನ್ನು ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. 1910ರಲ್ಲಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಜೋಹಾನ್ಸ್‌ಬರ್ಗಿನ ಸಮೀಪ ಟಾಲ್‌ಸ್ಟಾಯ್ ಕ್ಷೇತ್ರವೆಂಬ ವಸತಿ ಏರ್ಪಟ್ಟಿತು. ಕ್ಯಾಲನ್‌ಬಾಕ್ ಎಂಬ ಜರ್ಮನ್ ಗೆಳೆಯರು ಕೊಟ್ಟ 1,100 ಎಕರೆ ಭೂಮಿ ಅದು. ಅಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಪಾರ್ಸಿಗಳು ಒಟ್ಟಿಗಿದ್ದರು. ಅವರಲ್ಲಿ ಅನೇಕರು ಹುಟ್ಟಿನಿಂದ ಮಾಂಸಾಹಾರಿಗಳು. ಅಡುಗೆ ಹೇಗಿರಬೇಕು? ಗಾಂಧೀಜಿ ಬಹಳ ಯೋಚಿಸಿದರು. ಅವರು ಗೋಮಾಂಸವನ್ನೇ ಕೇಳಿದರೂ ಒದಗಿಸುವುದು ತಮ್ಮ ಕರ್ತವ್ಯವೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರು. ಅದಕ್ಕಾಗಿ ಯಾರನ್ನೂ ದೂರ ಇಡಲಾಗದೆಂದು ಭಾವಿಸಿದರು. ಆಮೇಲೆ ಅಲ್ಲಿದ್ದ ಹೆಂಗಸರ ಮುಂದೆ ಮನಸ್ಸನ್ನು ತೆರೆದಿಟ್ಟರು. ಅವರು ತಾವಾಗಿಯೇ ಶಾಕಾಹಾರದ ಒಂದೇ ಅಡುಗೆಮನೆ ಸಾಕೆಂದು ಒಪ್ಪಿದರು, ಗಂಡಸರೂ ಒಪ್ಪಿದರು.

ಇದು ನನಗೇಕೆ ಮುಖ್ಯವೆಂದರೆ, ನಮ್ಮ ಸೀಮೆಯಲ್ಲಿ ಊಟವನ್ನು ಜಾತಿಯ ಕೋಲಿನಿಂದ ಅಳೆಯುತ್ತಾರೆ. ಮೊದಲ ವರ್ಷದಲ್ಲಿ ಹಾಸ್ಟೆಲ್ಲಿನಲ್ಲಿ ಸ್ಥಳ ಸಿಗುವ ಮುನ್ನ ನಾವು ಮೂವರು ಗೆಳೆಯರು ಬಾಡಿಗೆ ಕೋಣೆ ಹುಡುಕಿ ಅಲೆದೆವು. ಒಂದು ಮನೆಯವರು ಬಾಡಿಗೆಗಿಂತ ಮೊದಲು ಊಟದ ವಿಚಾರ ಕೇಳಿದರು. ಉತ್ತರ ಕೇಳಿ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಮುಂದೆ ನಾನು ಮಾಂಸ ಬಿಟ್ಟ ಸುದ್ದಿ ತಿಳಿದು ಹಿರಿಯರೊಬ್ಬರು ಬೆನ್ನು ತಟ್ಟಿ, ಓದಿದ್ದಕ್ಕೆ ಸಾರ್ಥಕವಾಯಿತು, ಈಗ ಸುಸಂಸ್ಕೃತನಾದೆ ಎಂಬರ್ಥದ ಮಾತಾಡಿದರು. ಮುಚ್ಚಿದ ಬಾಗಿಲಿಗಿಂತ ಆ ಹೊಗಳಿಕೆಯೇ ನನಗೆ ಹೆಚ್ಚು ನೋವು ಮಾಡಿತು. ಹಾಗಾದರೆ ನನ್ನನ್ನು ಇಷ್ಟು ದೂರ ಓದಿಸಿದ ಅಪ್ಪ, ಅವ್ವ ಯಾರು? ಊರಿಗೆ ಹೋದಾಗ ಅವ್ವ ಮೊದಲು ನನಗೆ ಕಾಯಿಲೆಯೆಂದುಕೊಂಡಳು. ಆಮೇಲೆ, ಪಟ್ಟಣದ ನೀರು ಕುಡಿದು ತನ್ನ ಕೈಯಡುಗೆ ಬೇಡವಾಯಿತೆಂದು ಮುಖ ಸಣ್ಣ ಮಾಡಿಕೊಂಡಳು. ಹಾಸ್ಟೆಲ್ಲಿನ ಗೆಳೆಯರು ನಾನು ಯಾವಾಗ ಜನಿವಾರ ಹಾಕಿಕೊಳ್ಳುವುದೆಂದು ಗೇಲಿ ಮಾಡಿದರು. ಗಾಂಧೀಜಿ ತಾಯಿಯ ಮಾತು ಉಳಿಸಲು ಮಾಂಸ ಬಿಟ್ಟರು. ನಾನು ಬಿಟ್ಟದ್ದು ತಾಯಿಯ ಮನಸ್ಸನ್ನು ನೋಯಿಸಿತು. ಒಂದೇ ಕೆಲಸ ಎರಡು ಮನೆಗಳಲ್ಲಿ ಎರಡು ಅರ್ಥ ಪಡೆಯುತ್ತದೆ.

ಇದಕ್ಕೆ ಉತ್ತರ ಟಾಲ್‌ಸ್ಟಾಯ್ ಕ್ಷೇತ್ರದಲ್ಲಿದೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ. ತಾನು ತಿನ್ನದಿರುವುದು ಬೇರೆ, ತಿನ್ನುವವನನ್ನು ಕೀಳೆಂದು ಕಾಣುವುದು ಬೇರೆ. 1921ರಲ್ಲಿ ಹಿಂದೂಧರ್ಮವನ್ನು ಕುರಿತು ಬರೆಯುತ್ತ ಗಾಂಧೀಜಿ, ದೇವರಿಗೆ ಅಂಜಿ ನಡೆಯುವ ಮಾಂಸಾಹಾರಿಯು, ಮಾಂಸ ಮುಟ್ಟದೆ ನಡತೆಯಲ್ಲಿ ದೇವರನ್ನು ಹಳಿಯುವವನಿಗಿಂತ ಮುಕ್ತಿಗೆ ಹತ್ತಿರವೆಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದ್ದಾರೆ. ಕಳೆದ ಹೊಸತೊಡಕಿಗೆ ನಾನು ಊರಿಗೆ ಹೋದೆ. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬಾಡಿನ ಸಾರನ್ನು ನಾನೇ ಬಡಿಸಿದೆ. ಅದೇ ಪಂಕ್ತಿಯ ಕೊನೆಯಲ್ಲಿ ಕುಳಿತು ಮುದ್ದೆ, ಅವರೆಕಾಳಿನ ಸಾರು ಉಂಡೆ. ಅವ್ವ ನನ್ನ ಸಾರನ್ನು ಬೇರೆ ಒಲೆಯ ಮೇಲೆ ಮೊದಲೇ ಮಾಡಿಟ್ಟಿದ್ದಳು.

ಮತ್ತೆ ಗಾಂಧೀಜಿಯವರ ಕಥೆಗೆ ಬರುತ್ತೇನೆ. ಕಲ್ಕತ್ತೆಯ ಗೌಳಿಗರು ಹೆಚ್ಚು ಹಾಲಿಗಾಗಿ ಹಸು ಎಮ್ಮೆಗಳನ್ನು ಹಿಂಸಿಸುವ ಬಗೆಯನ್ನು ಓದಿ, ಇಂದ್ರಿಯನಿಗ್ರಹಕ್ಕೂ ಹಾಲು ಅಡ್ಡಿಯೆಂದು ಎಣಿಸಿ, 1912ರಲ್ಲಿ ಅವರೂ ಕ್ಯಾಲನ್‌ಬಾಕರೂ ಹಾಲನ್ನು ಬಿಟ್ಟರು. ಬಾಳೆಹಣ್ಣು, ಖರ್ಜೂರ, ನಿಂಬೆ, ನೆಲಗಡಲೆ, ಆಲಿವ್ ಎಣ್ಣೆಗಳೇ ಆಹಾರವಾದವು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುವಾಗ ಆಮಶಂಕೆಯಿಂದ ಸಾವಿನ ಹತ್ತಿರ ಹೋದರೂ ಹಾಲು ಮುಟ್ಟಲಿಲ್ಲ. 1919ರ ಆರಂಭದಲ್ಲಿ ಮುಂಬಯಿಯ ಡಾಕ್ಟರ್ ದಲಾಲರು ಹಾಲಿಲ್ಲದೆ ದೇಹ ಕೂಡಿಬರದೆಂದರು. ಆಗ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ಕಸ್ತೂರಬಾ, ವ್ರತ ಹಸು ಎಮ್ಮೆಗಳ ಹಾಲಿನದಾದರೆ ಆಡಿನ ಹಾಲಿಗೆ ಅಡ್ಡಿಯೇನೆಂದು ಕೇಳಿದರು. ರೌಲಟ್ ಕಾಯಿದೆಯ ವಿರುದ್ಧ ಹೋರಾಡುವ ಆಸೆಯಿಂದ ಬದುಕುವ ಇಚ್ಛೆ ಅವರಲ್ಲಿ ಬಲವಾಗಿತ್ತು. ಒಪ್ಪಿದರು. ಲಂಡನ್ನಿನಲ್ಲಿ ಮೊಟ್ಟೆಯ ವಿಷಯಕ್ಕೆ ಅಕ್ಷರಾರ್ಥದ ಸಂದಿಯಲ್ಲಿ ನುಸುಳಲು ಒಪ್ಪದಿದ್ದವರು ಇಲ್ಲಿ ನುಸುಳಿದರು. ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂಬ ಕೊರಗನ್ನು ಆತ್ಮಕಥೆಯಲ್ಲಿ ಮರೆಮಾಚದೆ ಬರೆದರು. ಗಾಂಧೀಜಿಯ ಆಡನ್ನು ಚಿತ್ರಗಳಲ್ಲಿ ಕಂಡು ನಗುವವರಿಗೆ, ಅವರ ಪಾಲಿಗೆ ಅದು ಪ್ರತಿದಿನದ ಸೋಲಿನ ಗುರುತಾಗಿತ್ತೆಂಬುದು ತಿಳಿಯದು.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆ ತಾಗಿದೆ. 1927ರಲ್ಲಿ ಆರೋಗ್ಯ ಕೆಟ್ಟು ಅವರು ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದರು. ಆಗ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಹಸುಗಳ ಸಾಕಣೆಯನ್ನು ವಿದ್ಯಾರ್ಥಿಯಂತೆ ಕಲಿತರು. ಹಸುವಿನ ಹಾಲು ಕುಡಿಯದವರು ಹಸುವನ್ನು ಚೆನ್ನಾಗಿ ನೋಡಿಕೊಳ್ಳುವ ಕ್ರಮವನ್ನು ತಿಳಿಯಲು ಅಷ್ಟು ಆಸ್ಥೆ ವಹಿಸಿದರು.

1931ರಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಅವರು ಮತ್ತೆ ಲಂಡನ್ನಿಗೆ ಹೋದರು. ನವೆಂಬರ್ 20ರಂದು ಹಳೆಯ ಶಾಕಾಹಾರಿ ಸಂಘ ಅವರನ್ನು ಸ್ವಾಗತಿಸಿತು. ವೇದಿಕೆಯಲ್ಲಿ ಎಂಬತ್ತು ವರ್ಷದ ಹೆನ್ರಿ ಸಾಲ್ಟರು ಪಕ್ಕದಲ್ಲಿದ್ದರು. ಒಂದು ಷಿಲಿಂಗಿನ ಪುಸ್ತಕದ ಋಣವನ್ನು ಗಾಂಧೀಜಿ ಎಲ್ಲರೆದುರು ನೆನೆದರು. ಆ ದಿನ ಅವರು ಹೇಳಿದ್ದರ ಸಾರವೆಂದರೆ, ಬರಿಯ ಆರೋಗ್ಯಕ್ಕಾಗಿ ಶಾಕಾಹಾರ ಹಿಡಿದವರು ಬಹುಮಟ್ಟಿಗೆ ಅದನ್ನು ಬಿಟ್ಟುಬಿಡುತ್ತಾರೆ. ಅದು ನಿಲ್ಲಬೇಕಾದರೆ ನೀತಿಯ ತಳಹದಿ ಬೇಕು. ಶಾಕಾಹಾರಿಗಳು ಸದಾ ಊಟ, ರೋಗಗಳ ಮಾತನ್ನೇ ಆಡದೆ ವಿನಯವನ್ನೂ ಸಹನೆಯನ್ನೂ ಬೆಳೆಸಿಕೊಳ್ಳಬೇಕು.

ಕಡೆಯವರೆಗೂ ಅವರು ವಿಚಾರ ಮಾಡುವುದನ್ನು ನಿಲ್ಲಿಸಲಿಲ್ಲ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಬರೆಯತೊಡಗಿದ ಆರೋಗ್ಯದ ಪುಸ್ತಕದಲ್ಲಿ, ಮರಿಯಾಗದ ಮೊಟ್ಟೆಯನ್ನು ಹಾಲು ಕುಡಿಯುವವರು ಬೇಡವೆನ್ನಲು ಕಾರಣವಿಲ್ಲವೆಂದರು. ತಾವು ಮಾತ್ರ ತಾಯಿಗೆ ಕೊಟ್ಟ ಮಾತಿನ ಅರ್ಥದಲ್ಲಿಯೇ ಉಳಿದರು. 1948ರ ಜನವರಿ 30ರಂದು ಗುಂಡೇಟಿಗೆ ಬಿದ್ದಾಗ, ಆ ಭಾಷೆಗೆ ಅರುವತ್ತು ವರ್ಷ ತುಂಬಲು ಕೆಲವೇ ತಿಂಗಳು ಉಳಿದಿದ್ದವು.

ಸಹಪಾಠಿ ಮಿತ್ರರೆ, ಈ ಲೇಖನವನ್ನೋದಿ ಯಾರೂ ಮಾಂಸ ಬಿಡಬೇಕೆಂದು ನನ್ನ ಬಯಕೆಯಲ್ಲ. ನಮ್ಮಲ್ಲಿ ಕೆಲವರು ಹುಟ್ಟಿನಿಂದ ಶಾಕಾಹಾರಿಗಳು, ಕೆಲವರು ಹುಟ್ಟಿನಿಂದ ಮಾಂಸಾಹಾರಿಗಳು. ಎರಡರಲ್ಲಿಯೂ ನಮ್ಮ ಸ್ವಂತ ಸಂಪಾದನೆ ಏನೂ ಇಲ್ಲ. ಗಾಂಧೀಜಿ ಮಾಡಿದಂತೆ ಒಮ್ಮೆ ಆ ತಟ್ಟೆಯನ್ನು ಮುಂದಿಟ್ಟುಕೊಂಡು ಏಕೆ ಎಂದು ಕೇಳಿಕೊಂಡರೆ, ಉತ್ತರ ಯಾವುದೇ ಬರಲಿ, ಅದು ನಮ್ಮದಾಗುತ್ತದೆ. ಪಕ್ಕದವನ ತಟ್ಟೆಯನ್ನು ನೋಡಿ ಅವನ ಯೋಗ್ಯತೆಯನ್ನು ಗೊತ್ತುಮಾಡುವ ಅಭ್ಯಾಸವನ್ನು ಮಾತ್ರ ಪದವಿಯೊಡನೆ ಈ ಕಾಲೇಜಿನ ಬಾಗಿಲಿನಾಚೆಗೆ ಯಾರೂ ಒಯ್ಯದಿರಲಿ ಎಂಬುದೇ ನನ್ನ ಪ್ರಾರ್ಥನೆ.